ಎರಡನೆಯ ಲೈನು

ಜುಲೈ 9, ಬುಧವಾರ

ಪೈಪು ಹೂಳುವವರು ಇವತ್ತು ಮತ್ತೆ ನಮ್ಮ ಗಲ್ಲಿ ಅಗೆದರು. ಗುದ್ದಲಿ ಬಿದ್ದದ್ದು ನೇರ ಇಂಟರ್ನೆಟ್ಟಿನ ತಂತಿಯ ಮೇಲೆ. ಆ ಹೊತ್ತಿಗೆ ಒಳ ಅಂಗಳದಲ್ಲಿ ಅಪ್ಪ ದಾವಣಗೆರೆಯ ಒಬ್ಬರಿಗೆ ಅವರ ತಂದೆಯ ಶ್ರಾದ್ಧ ಮಾಡಿಸುತ್ತಿದ್ದರು. ಅವರು ಅಲ್ಲಿ ತಮ್ಮ ಮನೆಯ ಹಾಲಿನಲ್ಲಿ ಪಂಚೆಯುಟ್ಟು ಮೊಬೈಲಿನ ಮುಂದೆ, ಅಪ್ಪ ಇಲ್ಲಿ ಕಾಶಿಯ ಶಿವಾಲದ ನಮ್ಮ ಮನೆಯಲ್ಲಿ ಪಿಂಡದ ಮುಂದೆ. ಅವರು ಹೆಸರು ಹೇಳಬೇಕು, ಅಪ್ಪ ಎಳ್ಳುನೀರು ಬಿಡಬೇಕು. ಅವರ ತಾತನ ಹೆಸರಿನ ಅರ್ಧಕ್ಕೆ ಪರದೆ ಕಪ್ಪಾಯಿತು.

ಕೈಗೆ ತೆಗೆದುಕೊಂಡ ನೀರನ್ನು ಹೆಸರು ಹೇಳದೆ ಬಿಡುವಂತಿಲ್ಲ. ವಾಪಸು ಪಾತ್ರೆಗೆ ಹಾಕುವಂತೆಯೂ ಇಲ್ಲ. ನಾನು ನನ್ನ ಮೊಬೈಲಿನ ಡೇಟಾ ಹಾಕಿ, ಅವರಿಗೆ ಮತ್ತೆ ಕರೆ ಹಚ್ಚುವ ತನಕ ಅಪ್ಪ ಅಂಗೈಯಲ್ಲಿ ನೀರು ಹಿಡಿದೇ ಕೂತಿದ್ದರು. ಎಪ್ಪತ್ತೊಂಬತ್ತು ವರ್ಷದ ಕೈ. ನನಗೆ ಪೈಪಿನವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಗೆ ಹೋಗಿ ಬೈದು ಬಂದೆ. ಅವರು "ಮಾತಾಜೀ, ಊಪರ್ ಸೆ ಆರ್ಡರ್ ಹೈ" ಎಂದು ಎಲ್ಲವನ್ನೂ ಮೇಲಿನವರ ತಲೆಗೆ ಕಟ್ಟಿ ಬೀಡಿ ಹಚ್ಚಿದರು.

ವಿಡಿಯೋ ಶ್ರಾದ್ಧಕ್ಕೆ ಅಪ್ಪ ಒಪ್ಪಿದ್ದು ಕೊರೋನಾ ವರ್ಷದಲ್ಲಿ, ಅದೂ ಒಂದು ಷರತ್ತಿನ ಮೇಲೆ. ಕ್ಯಾಮೆರಾ ಅವರ ಮುಖಕ್ಕೆ ಬರಕೂಡದು. "ಮಾಡೋರು ನೋಡ್ಬೇಕಾದ್ದು ಪಿತೃಗಳ ಸ್ಥಾನ ಕಣೇ ಮಾಧು. ನನ್ನ ಮೋರೆ ಯಾಕೆ?" ಆವತ್ತಿನಿಂದ ಮೊಬೈಲನ್ನು ಸ್ಟ್ಯಾಂಡಿಗೆ ಬಗ್ಗಿಸಿ ಕಟ್ಟುತ್ತೇನೆ. ಬಾಳೆಲೆ, ಪಿಂಡ, ಅಪ್ಪನ ಎರಡು ಕೈ, ಅಷ್ಟೇ ಕಾಣಬೇಕು. ನಾನು ನೋಡುವುದೂ ಅಷ್ಟೇ. ಕ್ರಿಯೆ ಮಾಡಿಸುವವರ ಮುಖ ನೋಡುವ ಪದ್ಧತಿ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಇಲ್ಲ.

ಒಂದೇ ಲೈನು ನಂಬಿಕೊಂಡಿದ್ದರೆ ಇನ್ನು ಆಗುವುದಿಲ್ಲ. ನಮ್ಮ ಮನೆಯ ಅನ್ನವೇ ಈಗ ಈ ತಂತಿಯಲ್ಲಿ ಬರುತ್ತಿದೆ. ಅಸ್ಸಿಯ ಓಂಕಾರ್ ಅಂಗಡಿಗೆ ಹೋಗಬೇಕು.

ಜುಲೈ 11, ಶುಕ್ರವಾರ

ಓಂಕಾರ್‌ನ ಅಂಗಡಿ ಅಸ್ಸಿಯ ಚೌಕದಲ್ಲಿ, ಚಹಾದಂಗಡಿಯ ಪಕ್ಕ. ಹುಡುಗರಿಗೆ ಇಯರ್‌ಫೋನು, ಗೆಸ್ಟ್‌ಹೌಸಿನವರಿಗೆ ಕ್ಯಾಮೆರಾ, ವೈಫೈ ಮಾರುತ್ತಾನೆ. ಮೂರು ನಮೂನೆ ತೋರಿಸಿದ. ಒಂದು ಅಂಗೈಯಗಲದ್ದು, ಸಿಮ್ ಹಾಕಿದರೆ ವೈಫೈ ಕೊಡುತ್ತದೆ, ಬೇಕಾದಾಗ ನಾವೇ ಬದಲಾಯಿಸಿಕೊಳ್ಳಬೇಕು. ಇನ್ನೊಂದು ಮೇಜಿನ ಮೇಲಿಡುವ ರೂಟರು, ತಂತಿಗೂ ಜಾಗವಿದೆ, ಸಿಮ್ಮಿಗೂ ಜಾಗವಿದೆ. ತಂತಿ ಹೋದರೆ ತಾನೇ ಸಿಮ್ಮಿಗೆ ಹೋಗುತ್ತದಂತೆ. ಮೂರನೆಯದು ಆಫೀಸಿನವರು ತೆಗೆದುಕೊಳ್ಳುವಂಥದ್ದು, ಎರಡು ಸಿಮ್, ನಾಲ್ಕು ಕೊಂಬು.

"ದೀದಿ, ಆಪ್ ಕೇ ಲಿಯೇ ತೋ ಛೋಟಾವಾಲಾ ಬಹುತ್ ಹೈ" ಎಂದ. ಮನೆಯಲ್ಲಿ ಕೂತ ಹೆಂಗಸಿಗೆ ಇಷ್ಟು ಸಾಕು ಎಂದು ಅವನ ಲೆಕ್ಕ. ನಾನೂ ಹೌದೆಂದುಕೊಂಡು ಸಣ್ಣದನ್ನೇ ತಂದೆ.

ಜುಲೈ 20, ಭಾನುವಾರ

ಬಹುಳ ದಶಮಿ. ಗದಗಿನ ಪ್ರಾಣೇಶ ರಾಯರ ತಾಯಿ ಕೃಷ್ಣಮ್ಮನವರ ಮಾಸಿಕ. ಕಳೆದ ಕಾರ್ತಿಕದಲ್ಲಿ ಹೋದವರು. ತಿಂಗಳು ತಿಂಗಳೂ ಇದೇ ತಿಥಿಗೆ ಮಾಡುತ್ತಿದ್ದೇವೆ. ತಾಯಿಗೆ ಕಾಶಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಅಷ್ಟರಲ್ಲಿ ಅವರದೇ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್, ಊರು ಬಿಟ್ಟು ಹೋಗುವ ಹಾಗಿಲ್ಲ. ತಾಯಿಯ ಪಿಂಡವಾದರೂ ಕಾಶಿಯಲ್ಲಿ ಬೀಳಲಿ ಎಂದು ಹಾಸಿಗೆಯ ಮೇಲೇ ಮಡಿಯುಟ್ಟು ಕೂರುತ್ತಾರೆ. ಪಕ್ಕದಲ್ಲಿ ಹೆಂಡತಿ ಅನ್ವಿತಾ ತಟ್ಟೆ ಹಿಡಿದಿರುತ್ತಾಳೆ.

ಮೂರನೆಯ ಪಿಂಡಕ್ಕೆ ಬಂದಾಗ ನಿಂತುಹೋಯಿತು. ಅಪ್ಪನ ಕೈ ಪರದೆಯಲ್ಲಿ ಅಲ್ಲಾಡದೆ ನಿಂತಿತ್ತು. "ನೆಟ್‌ವರ್ಕ್ ಹೋಗಿದೆ, ಒಂದು ನಿಮಿಷ ತಡೀರಿ" ಎಂದು ಕೂಗಿ ಸಣ್ಣ ಡಬ್ಬ ಹಚ್ಚಲು ಹೋದೆ. ಅದು ಏಳುವುದಕ್ಕೇ ಒಂದು ಯುಗ ಬೇಕು. ಆ ಕಡೆಯಿಂದ ರಾಯರು "ಕೇಳಸ್ತದ್ರೀ, ಇಲ್ಲೆ ಕೇಳಸ್ತದ" ಎನ್ನುತ್ತಲೇ ಇದ್ದರು. ಡಬ್ಬದ ದೀಪ ಹತ್ತುವಷ್ಟರಲ್ಲಿ ಅಪ್ಪ ತಲೆಯೆತ್ತಿ, "ಲೈನ್ ಬಂತಾ, ಮಾಧು?" ಎಂದರು. ಬಂತು ಎಂದೆ. ಮುಂದುವರಿಸಿದರು.

ಕೈಯಿಂದ ಬದಲಾಯಿಸುವ ಈ ಡಬ್ಬ ಪ್ರಯೋಜನವಿಲ್ಲ. ತಾನೇ ಬದಲಾಗುವಂಥದ್ದು ಬೇಕು.

ಜುಲೈ 23, ಬುಧವಾರ

ಸಣ್ಣದನ್ನು ಹಿಂದಿರುಗಿಸಿ ಎರಡನೆಯ ನಮೂನೆ ತಂದೆ. ಓಂಕಾರ್ ತಾನೇ ಬಂದು ಜೋಡಿಸಿದ. ಪರೀಕ್ಷೆಗೆ ತಂತಿ ಕಿತ್ತ. ಸ್ವಲ್ಪ ಹೊತ್ತಿಗೆ ಸಿಮ್ಮಿನ ದೀಪ ಹತ್ತಿತು, ವಿಡಿಯೋ ಬಂತು. "ದೇಖಾ?" ಎಂದು ಎದೆಯುಬ್ಬಿಸಿದ. ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಒಂದು ಹೋದ್ರೆ ಇನ್ನೊಂದು ಏಳತ್ತೆ. ಒಳ್ಳೇದೇ" ಎಂದು ಸ್ನಾನಕ್ಕೆ ಹೋದರು.

ಆಗಸ್ಟ್ 5, ಮಂಗಳವಾರ

ಗಂಗೆ ಏರಿದ್ದಾಳೆ. ಹರಿಶ್ಚಂದ್ರ ಘಾಟಿನ ಮೆಟ್ಟಿಲು ಕಾಣುವುದಿಲ್ಲ, ಹೆಣಗಳನ್ನು ಮೇಲೆ ಗಲ್ಲಿಯ ಬಾಯಲ್ಲೇ ಸುಡುತ್ತಿದ್ದಾರೆ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಬೂದಿ ಬಂದು ಕೂರುತ್ತದೆ. ಇವತ್ತು ಎರಡು ಕ್ರಿಯೆ ಇತ್ತು. ಎರಡೂ ಹೋಯಿತು.

ತಂತಿ ಹೋಗಿದ್ದು ನೀರು ನುಗ್ಗಿದ್ದರಿಂದ. ನಮ್ಮ ಘನ ರೂಟರು ಮಾತ್ರ ಸಿಮ್ಮಿಗೆ ಹೋಗಲೇ ಇಲ್ಲ. ಫೋನಿನಲ್ಲಿ ಓಂಕಾರನನ್ನು ತರಾಟೆಗೆ ತೆಗೆದುಕೊಂಡೆ. ಆಗ ಬಾಯಿಬಿಟ್ಟ. ತಂತಿ ನಮ್ಮ ಮನೆಯಲ್ಲಿ ಕಿತ್ತರೆ ಮಾತ್ರ ಇದಕ್ಕೆ ಗೊತ್ತಾಗುವುದಂತೆ. ಹೊರಗೆಲ್ಲೋ ತುಂಡಾದರೆ, ಕಂಪನಿಯವರ ಪೆಟ್ಟಿಗೆ ಮನೆಯೊಳಗೆ ದೀಪ ಹಚ್ಚಿಕೊಂಡೇ ಇರುತ್ತದೆ, ಇದು ಎಲ್ಲ ಸರಿಯಿದೆ ಎಂದುಕೊಂಡು ಸುಮ್ಮನೆ ಕೂರುತ್ತದೆ. ಆಚೆ ಕಡೆಯ ತನಕ ಹೋಗಿ ಜೀವ ಇದೆಯಾ ಎಂದು ಆಗಾಗ ವಿಚಾರಿಸಿಕೊಳ್ಳುವುದು ದೊಡ್ಡದು ಮಾತ್ರವಂತೆ. ಅದನ್ನು ಮೊದಲೇ ಹೇಳಲು ಇವನಿಗೇನಾಗಿತ್ತು! ಕೈಯಿಂದ ಬದಲಾಯಿಸಿದೆ. ಸಿಮ್ಮಿನಲ್ಲೂ ಸಿಗ್ನಲ್ ಇಲ್ಲ. ತಂತಿಯ ಕಂಪನಿಯದೇ ಸಿಮ್ ಹಾಕಿದ್ದೆ, ಒಂದೇ ಮನೆಯವರು, ಒಟ್ಟಿಗೇ ಮುಳುಗಿದರು. ಇದು ಮಾತ್ರ ನನ್ನದೇ ಪೆದ್ದುತನ.

ಅಪ್ಪ ಆ ಎರಡೂ ಮನೆಯವರ ಹೆಸರು ಹೇಳಿ ತಾವೇ ತರ್ಪಣ ಬಿಟ್ಟರು. ಊಟಕ್ಕೆ ಕೂತಾಗ, "ಇವತ್ತು ಯಾರಿಗೆ ಬಿಟ್ಟೆ?" ಎಂದು ಕೇಳಿದರು. ಹೇಳಿದೆ. ಪ್ರವಾಹ, ಹೊಗೆ, ನಿದ್ದೆಯಿಲ್ಲ. ದಣಿದಿದ್ದಾರೆ.

ಆಗಸ್ಟ್ 14, ಗುರುವಾರ

ದೊಡ್ಡದನ್ನೇ ತಂದಾಯಿತು. ಬೇರೆ ಬೇರೆ ಎರಡು ಕಂಪನಿಯ ಸಿಮ್. ಅಂಗಳದ ಕಲ್ಲುಗೋಡೆ ದಾಟಿ ಸಿಗ್ನಲ್ ಬರುವುದಿಲ್ಲ, ಆದ್ದರಿಂದ ತಾರಸಿಯ ಮೇಲೆ ಆಂಟೆನಾ, ಅಲ್ಲಿಂದ ವೈರು ಕೆಳಗೆ. ಎಲ್ಲಕ್ಕೂ ಇನ್ವರ್ಟರ್. ಬೆಳಿಗ್ಗೆ ಆಂಟೆನಾ ಕಟ್ಟಿದರೆ ಮಧ್ಯಾಹ್ನಕ್ಕೆ ಕೋತಿಗಳು ಅದನ್ನು ಬಗ್ಗಿಸಿ ವೈರು ಅಗಿಯುತ್ತ ಕೂತಿದ್ದವು. ಈಗ ಅದಕ್ಕೊಂದು ಕಬ್ಬಿಣದ ಪಂಜರ ಮಾಡಿಸಿದ್ದೇನೆ. ಕಾಶಿಯಲ್ಲಿ ಕೋತಿಗಳು ಹೊರಗೆ, ನಾವು, ನಮ್ಮ ಸಾಮಾನು ಪಂಜರದೊಳಗೆ.

ಬೀದಿಯಲ್ಲಿ ತಂತಿ ತೆಗೆಸಿಯೂ ನೋಡಿದೆ, ಮನೆಯಲ್ಲಿ ಕಿತ್ತೂ ನೋಡಿದೆ. ಮಾತು ಒಂದು ಉಸಿರಿನಷ್ಟು ತಡವರಿಸುತ್ತದೆ, ಕರೆ ಕಡಿಯುವುದಿಲ್ಲ. ಗೆದ್ದೆ ಅನ್ನಿಸಿತು.

ಆಗಸ್ಟ್ 18, ಸೋಮವಾರ

ದಶಮಿ. ಕೃಷ್ಣಮ್ಮನವರ ಮಾಸಿಕ. ಮತ್ತೆ ನಿಂತಿತು.

ಮತ್ತೆ ಮೂರನೆಯ ಪಿಂಡದ ಹತ್ತಿರವೇ. ರೂಟರಿನ ದೀಪಗಳೆಲ್ಲ ಹಸಿರು. ತಂತಿಯೂ ಇದೆ, ಸಿಮ್ಮೂ ಇದೆ. ಅಪ್ಪನ ಕೈ ಮಾತ್ರ ಎಲೆಯ ಮೇಲೆ ಹಾಗೇ ನಿಂತಿದೆ. "ನೆಟ್‌ವರ್ಕ್" ಎಂದು ಕೂಗಿ ರೂಟರು ಆರಿಸಿ ಹಚ್ಚಿದೆ. "ಲೈನ್ ಬಂತಾ?" ಎಂದರು ಅಪ್ಪ. ಮುಂದಿನದನ್ನು ನಾನು ಬಾಯೊಳಗೆ ಗೊಣಗುತ್ತಿದ್ದೆ, ಅಭ್ಯಾಸಬಲದಿಂದ. ಅಪ್ಪ ಅಲ್ಲಿಂದಲೇ ಹಿಡಿದುಕೊಂಡರು.

ಸಂಜೆ ಅನ್ವಿತಾ ಕರೆ ಮಾಡಿದಳು. ತುಂಬ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಅಂದಳು, "ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಅಜ್ಜಾರ ಕೈ ನಿಂತಿತ್ತಲ್ರೀ, ಆವಾಗ ಧೂಪದ ಹೊಗಿ ಏಳ್ಲಿಕ್ಕತ್ತಿತ್ತು."

ವಿಡಿಯೋ ಹ್ಯಾಂಗ್ ಆದಾಗ ಹಾಗೆಲ್ಲ ಕಾಣುತ್ತದೆ ಎಂದು ಹೇಳಿ ಫೋನಿಟ್ಟೆ. ಇವಳಿಗೇನು ಗೊತ್ತು. ಅರ್ಧ ಚಿತ್ರ ನಿಂತು ಅರ್ಧ ಓಡುವುದೂ ಉಂಟು. ಆಂಟೆನಾದ ವೈರು ಕೋತಿ ಕಚ್ಚಿದ್ದು, ಒಳಗೆ ನೀರು ಹೋಗಿರಬೇಕು. ಬದಲಾಯಿಸಬೇಕು.

ಆಗಸ್ಟ್ 19, ಮಂಗಳವಾರ

ಏಕಾದಶಿ. ವೈರು ಬದಲಾಯಿಸಿದೆ. ಹಳೆಯದರಲ್ಲಿ ನೀರು ಇರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಪಿತೃಪಕ್ಷ. ಮೂರು ದಿನದಿಂದ ಮನೆತುಂಬ ಯಾತ್ರಿಕರು. ಬರೆಯಲು ಪುರುಸೊತ್ತಿಲ್ಲ, ಆದರೆ ಇವತ್ತಿನದು ಬರೆಯದೆ ಮಲಗಲಾರೆ.

ಶಿವಮೊಗ್ಗದಿಂದ ಬಂದ ಐದಾರು ಜನ ಅಂಗಳದಲ್ಲಿ ಅಪ್ಪನೆದುರು ಸಾಲಾಗಿ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಪಿಂಡದ ಅನ್ನ ಬಸಿಯುತ್ತಿದ್ದೆ. ಅಪ್ಪನ ಧ್ವನಿ ಕೇಳುತ್ತಲೇ ಇತ್ತು, ಕೇಳುತ್ತ ಕೇಳುತ್ತ ನಿಂತಿತು. ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದು, "ನೆಟ್‌ವರ್ಕ್ ಹೋಗಿದೆ, ಒಂದು ನಿಮಿಷ ತಡೀರಿ" ಎಂದೆ.

ಕ್ಯಾಮೆರಾ ಇರಲಿಲ್ಲ, ಮೊಬೈಲ್ ಇರಲಿಲ್ಲ. ಅವರೆಲ್ಲ ಒದ್ದೆ ಪಂಚೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಒಬ್ಬ ಮುದುಕರು, "ಏನಮ್ಮಾ?" ಎಂದರು. ಅಪ್ಪ ಎಲೆಯನ್ನು ನೋಡುತ್ತಿದ್ದರು. ಆಗ ನಾನು ಅಪ್ಪನ ಮುಖ ನೋಡಿದೆ.

ಏನು ಬರೆಯಲಿ. ಮನೆಯ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ, ಹಾಗಿತ್ತು. ಹೆದರಿಕೆ ಕೂಡ ಇರಲಿಲ್ಲ ಅದರಲ್ಲಿ. ಮುಂದಿನ ಶಬ್ದ ನಾನೇ ಹೇಳಿದೆ. ಅಪ್ಪ ಬಂದರು. ಕ್ರಿಯೆ ಮುಗಿಯಿತು, ಅವರು ಕಾಲಿಗೆ ಬಿದ್ದು ಹೋದರು. ಅಡುಗೆಮನೆಯಲ್ಲಿ ಕೂತು ಅತ್ತೆ. ಅನ್ನ ತಳ ಹಿಡಿದಿತ್ತು.

ಸೆಪ್ಟೆಂಬರ್ 14, ಭಾನುವಾರ

ಚಿಕ್ಕಪ್ಪನ ಮಗ ರಘುನಂದನ ಬಂದಿದ್ದ. ಕೇದಾರ ಘಾಟಿನ ಹತ್ತಿರ ಅವನದೇ ದೊಡ್ಡ ವ್ಯವಸ್ಥೆ, ನಾಲ್ಕು ಜನ ಪುರೋಹಿತರು. ಶಿವಮೊಗ್ಗದವರು ಅಲ್ಲಿಗೂ ಹೋಗಿದ್ದರಂತೆ, ಮಾತು ಬಂದಿದೆ.

"ದೊಡ್ಡಪ್ಪ ಐವತ್ತೈದು ವರ್ಷ ಮಾಡಿದಾರೆ. ಇನ್ನು ಆರಾಮ್ ಮಾಡ್ಲಿ ಅಕ್ಕ. ನಿಮ್ಮ ಹತ್ರ ಬರೋ ಮನೆತನದೋರನ್ನೆಲ್ಲ ನಾನು ನೋಡ್ಕೋತೀನಿ. ನಿಮಗೇನೂ ಕಮ್ಮಿ ಮಾಡಲ್ಲ."

ಅವನ ಮನಸ್ಸು ಕೆಟ್ಟದ್ದಲ್ಲ. ಅದು ನನಗೆ ಗೊತ್ತು, ಗೊತ್ತಿದ್ದೇ ಮೈಯೆಲ್ಲ ಉರಿಯಿತು. ಆ ಮಣೆಯಿಂದ ಎಬ್ಬಿಸಿದರೆ ಅಪ್ಪ ಎಲ್ಲಿ ಕೂರುತ್ತಾರೆ? ಟಿವಿ ಮುಂದೆ? ಬೆಳಗಿನ ಜಾವ ಎದ್ದು ಗಂಗೆಗೆ ಹೋಗುವುದು ಯಾರಿಗಾಗಿ? ಅಮ್ಮ ಹೋದಾಗಲೂ ಅವರನ್ನು ನಿಲ್ಲಿಸಿದ್ದು ಆ ಮಣೆಯೇ. ನಮ್ಮ ಮನೆಯ ನೆಟ್‌ವರ್ಕ್ ಸರಿಯಿರಲಿಲ್ಲ, ಈಗ ಹೊಸ ರೂಟರು ತಂದಿದ್ದೇವೆ ಎಂದು ರಘುವಿಗೆ ಹೇಳಿದೆ. ಅವನು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದ. ಆ ನೋಟ ಸಹಿಸಲಾಗಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಕೃಷ್ಣಮ್ಮನವರ ಮಾಸಿಕ. ಶ್ರಾದ್ಧದ ಮಂತ್ರಗಳಿರುವ ಪ್ರಯೋಗದ ಪುಸ್ತಕ ಹಿಡಿದು ಅಪ್ಪನ ಬಲಕ್ಕೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತೆ. ಎರಡು ಕಡೆ ತಡವರಿಸಿದರು, ಎರಡು ಕಡೆಯೂ ಮೆಲ್ಲಗೆ ಎತ್ತಿಕೊಟ್ಟೆ. ಎಲ್ಲೂ ನಿಲ್ಲಲಿಲ್ಲ. ಪ್ರಾಣೇಶ ರಾಯರು, "ಇವತ್ತ ಭಾಳ ಛಲೋ ಆತ್ರೀ, ಲೈನ್ ಒಮ್ಮೆನೂ ಕಟ್ ಆಗ್ಲಿಲ್ಲ" ಎಂದರು. ಹೊಸ ರೂಟರು ಅಂದೆ.

ದೊಡ್ಡದನ್ನೇ ತಂದದ್ದು ಒಳ್ಳೆಯದಾಯಿತು.

ಅಕ್ಟೋಬರ್ 3, ಶುಕ್ರವಾರ

ಸಿಮ್ಮಿಗೆ ದುಡ್ಡು ಹಾಕಿದೆ, ಪಂಜರಕ್ಕೆ ಬಣ್ಣ ಹೊಡೆಸಿದೆ. ಬೆಳಗಿನ ಕೆಲಸ ಮಾಡುತ್ತ ಮಂತ್ರ ಬಾಯಿಗೆ ಬರುತ್ತಿರುತ್ತದೆ. ತರಕಾರಿಯವನು ನಗುತ್ತಾನೆ. ಪುಸ್ತಕ ನೋಡುವುದು ತಪ್ಪಿದೆ, ಕನ್ನಡಕ ಹುಡುಕುವ ಕೆಲಸ ಉಳಿಯಿತು.

ಅಕ್ಟೋಬರ್ 16, ಗುರುವಾರ

ಮಾಸಿಕ ಆಯಿತು. ಅಪ್ಪನಿಗೆ ಇವತ್ತು ಹೆಚ್ಚು ಎತ್ತಿಕೊಡಬೇಕಾಯಿತು. ಶುರುವಿನಲ್ಲಿ ಸಂಕಲ್ಪದ ಸಂವತ್ಸರವನ್ನೇ ಬಿಟ್ಟರು. ಆದರೆ ಕೈ ತಪ್ಪುವುದಿಲ್ಲ. ಜನಿವಾರ ಬಲಕ್ಕೆ ಹೋಗುವುದು, ದರ್ಭೆಯ ತುದಿ ದಕ್ಷಿಣಕ್ಕೆ ತಿರುಗುವುದು, ಹೆಬ್ಬೆಟ್ಟಿನ ಬದಿಯಿಂದ ನೀರು ಬಿಡುವುದು, ಎಲ್ಲ ತಾನಾಗಿ ಆಗುತ್ತದೆ. ಮಾತು ಹೋಗಿದೆ, ಕೈ ಇದೆ.

ಪ್ರಾಣೇಶ ರಾಯರು ಬಹಳ ಇಳಿದಿದ್ದಾರೆ. ಕ್ರಿಯೆ ಮುಗಿದ ಮೇಲೆ ನನ್ನನ್ನೇ ಕರೆದರು. "ಮುಂದಿನ ದಶಮಿಗೆ ಅವ್ವನ ವರ್ಷಾಬ್ದಿಕ. ಅದೊಂದ ಭಟ್ಟರ ಕೈಲೆ ಆಗಿಬಿಡ್ಲಿ. ಆಮ್ಯಾಲೆ ನಂದೇನರ ಆಗ್ಲಿ. ಮುಂದಿನ ವರ್ಷದ ಭರವಸೆ ಡಾಕ್ಟರ್ ಕೊಡವಲ್ರು." ಅನ್ವಿತಾ ಪಕ್ಕದಲ್ಲಿ ತಟ್ಟೆ ಒರೆಸುತ್ತಲೇ ಇದ್ದಳು.

ಆಗುತ್ತದೆ ಎಂದೆ. ಹೇಳಿದ ಮೇಲೆ ಪುಸ್ತಕ ತೆಗೆದು ಪುಟ ಎಣಿಸಿದೆ. ಅದು ಉದ್ದದ ಕ್ರಿಯೆ, ಮಾಸಿಕದ ಹಾಗಲ್ಲ.

ನವೆಂಬರ್ 5, ಬುಧವಾರ

ಕಾರ್ತಿಕ ಹುಣ್ಣಿಮೆ, ದೇವ ದೀಪಾವಳಿ. ಘಾಟುಗಳಲ್ಲಿ ಕಾಲಿಡಲು ಜಾಗವಿಲ್ಲ. ಇಷ್ಟು ಜನ ಫೋನು ಎತ್ತಿ ಹಿಡಿದರೆ ಯಾವ ಟವರು ತಾಳುತ್ತದೆ, ಎರಡು ಸಿಮ್ಮೂ ಸತ್ತವು. ತಂತಿ ಇತ್ತು. ಹದಿನಾಲ್ಕರಂದು, ಕೃಷ್ಣಮ್ಮನವರ ವರ್ಷಾಬ್ದಿಕದ ದಿನ, ಜಾತ್ರೆಯಿಲ್ಲ, ಭಯವಿಲ್ಲ.

ರಘು ಮತ್ತೆ ಫೋನ್ ಮಾಡಿದ. ಹದಿನಾಲ್ಕಕ್ಕೆ ತಾನೇ ಬಂದು ಅಪ್ಪನ ಜಾಗದಲ್ಲಿ ಕೂರುತ್ತಾನಂತೆ. "ಹೇಗಿದ್ರೂ ಕೈ ಮಾತ್ರ ತಾನೆ ಕಾಣೋದು ಅಕ್ಕ, ಅವರಿಗೇನು ಗೊತ್ತಾಗತ್ತೆ?"

ಬೇಡ ಎಂದೆ. ಬೇಡ ಎಂದದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನೆಟ್‌ವರ್ಕ್ ಎಂದು ಸುಳ್ಳು ಹೇಳುತ್ತ ಬಂದವಳು ನಾನು, ಅವನ ಸುಳ್ಳು ಮಾತ್ರ ಯಾಕೆ ಅಷ್ಟು ಹೇಸಿಗೆಯಾಯಿತೋ. ಸಾಯುತ್ತಿರುವ ಮನುಷ್ಯ ಈ ಕೈಯನ್ನು ನಂಬಿ ಕೂತಿದ್ದಾನೆ.

ನವೆಂಬರ್ 14, ಶುಕ್ರವಾರ

ಒಂದೊಂದಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕಲಸಿಹೋಗುತ್ತದೆ.

ಅಪ್ಪ ಬೆಳಿಗ್ಗೆ ಚೆನ್ನಾಗಿದ್ದರು. ಗಂಗೆಯಲ್ಲಿ ಮುಳುಗಿ ಬಂದು ವಿಭೂತಿ ಧರಿಸಿ ಮಣೆಯ ಮೇಲೆ ಕೂತರು. ಆ ಕಡೆ ಪ್ರಾಣೇಶ ರಾಯರನ್ನು ದಿಂಬು ಕೊಟ್ಟು ಒರಗಿಸಿದ್ದರು. ಅಪ್ಪ ಹೇಳುವುದು, ರಾಯರು ಅದನ್ನು ಹೇಳುವುದು, ಅಪ್ಪನ ಕೈ ಮಾಡುವುದು. ನಾನು ಬಲಕ್ಕೆ. ಮೊದಲ ಪಿಂಡ, ತಾಯಿಗೆ. ಎರಡನೆಯದು, ಅಜ್ಜಿಗೆ. ಎಲ್ಲ ನೇರವಾಗಿ ನಡೆಯಿತು.

ಮೂರನೆಯದನ್ನು ಕೈಗೆತ್ತಿಕೊಂಡು ಅಪ್ಪ ನಿಂತರು.

ಎತ್ತಿಕೊಟ್ಟೆ. ಬರಲಿಲ್ಲ. ಮತ್ತೆ ಎತ್ತಿಕೊಟ್ಟೆ, ಸ್ವಲ್ಪ ಗಟ್ಟಿಯಾಗಿ. ಅಪ್ಪ ನನ್ನ ಕಡೆ ತಿರುಗಿದರು. ಇವಳು ಯಾರು, ಏನೋ ಹೇಳುತ್ತಿದ್ದಾಳಲ್ಲ ಎಂದು ನೋಡುವ ಹಾಗೆ ನೋಡಿದರು. ಪಿಂಡ ಅಂಗೈಯಲ್ಲಿದೆ. ಅದನ್ನು ಇಳಿಸುವಂತಿಲ್ಲ, ಹೆಸರಿಲ್ಲದೆ ಹಾಕುವಂತಿಲ್ಲ. ಆ ಕಡೆಯಿಂದ ಅನ್ವಿತಾ ಸಣ್ಣಗೆ, "ಅಕ್ಕಾರ?" ಎಂದಳು.

"ನೆಟ್‌ವರ್ಕ್" ಎಂದು ನಾಲಿಗೆಯ ತುದಿಗೆ ಬಂತು. ಕೈ ರೂಟರಿನ ಸ್ವಿಚ್ಚಿಗೆ ಹೋಗಿತ್ತು ಕೂಡ. ಅದನ್ನು ಆರಿಸಿದರೆ ಅವರಿಗೆ ಕಪ್ಪು ಪರದೆ, ನನಗೆ ಸ್ವಲ್ಪ ಸಮಯ. ಅಷ್ಟರಲ್ಲಿ ಅಪ್ಪ ಬರಬಹುದು, ಬರದೆಯೂ ಇರಬಹುದು. ಪ್ರಾಣೇಶ ರಾಯರ ಉಸಿರು ಇಲ್ಲಿಗೆ ಕೇಳುತ್ತಿತ್ತು, ಅಷ್ಟು ಚೆನ್ನಾಗಿತ್ತು ಲೈನು.

ಸ್ವಿಚ್ಚು ಬಿಟ್ಟೆ. ಸ್ಟ್ಯಾಂಡಿನ ತಿರುಪು ಸಡಿಲಿಸಿ ಮೊಬೈಲನ್ನು ಮೇಲಕ್ಕೆತ್ತಿದೆ, ಅಪ್ಪನ ಮುಖಕ್ಕೆ.

"ಲೈನ್ ಹೋಗಿಲ್ಲ ರಾಯರೇ" ಎಂದೆ. "ಯಾವತ್ತೂ ಹೋಗಿರಲಿಲ್ಲ. ಅಪ್ಪಂಗೆ ಮರೆತು ಹೋಗತ್ತೆ. ನಾನು ನಿಮಗೆ ಸುಳ್ಳು ಹೇಳ್ತಿದ್ದೆ."

ರಾಯರು ನೋಡಿದರು. ಒಂದು ವರ್ಷ ಆ ಕೈಗಳನ್ನು ನೋಡಿದವರು ಮುಖ ನೋಡಿದ್ದು ಇವತ್ತೇ. ಎಷ್ಟು ಹೊತ್ತು ನೋಡಿದರೋ. ಕೋಪ ಮಾಡಿಕೊಳ್ಳಲಿ, ಕರೆ ಕಡಿಯಲಿ, ಏನಾದರೂ ಮಾಡಲಿ ಎಂದು ನಾನು ತಲೆ ತಗ್ಗಿಸಿದ್ದೆ. ಆಮೇಲೆ ಅವರ ಧ್ವನಿ ಬಂತು, ಮಗುವಿಗೆ ಹೇಳುವಷ್ಟು ಮೆತ್ತಗೆ.

"ಭಟ್ಟರ, ನಾ ಹೇಳ್ಲೇನ್ರಿ? ತಿಂಗಳಾ ತಿಂಗಳಾ ನಿಮ್ಮ ಹಿಂದ ಹೇಳಿ ಹೇಳಿ ನನಗ ಬಾಯಿಪಾಠ ಆಗ್ಯದ. ನೀವು ಕೈ ನಡಸ್ರಿ."

ಗೋತ್ರ ಹೇಳಿದರು. ಮುತ್ತಜ್ಜಿಯ ಹೆಸರು ಹೇಳಿದರು. ಒಂದೊಂದೇ ಶಬ್ದ, ನಡುನಡುವೆ ಉಸಿರು ತೆಗೆದುಕೊಂಡು. ಅಪ್ಪ ಪರದೆಯನ್ನು ನೋಡುತ್ತಿದ್ದವರು ಕೇಳುತ್ತ ಕೇಳುತ್ತ ಎಲೆಯ ಕಡೆ ತಿರುಗಿದರು. ಕೊನೆಯ ಶಬ್ದಕ್ಕೆ ಸರಿಯಾಗಿ ಅವರ ಕೈ ಹೊರಳಿತು, ಪಿಂಡ ದರ್ಭೆಯ ಮೇಲೆ ತನ್ನ ಜಾಗದಲ್ಲಿ ಕೂತಿತು. ಅಲ್ಲಿಂದ ಕೊನೆಯ ತನಕ ಹಾಗೇ ನಡೆಯಿತು. ರಾಯರಿಗೆ ದಮ್ಮು ಹತ್ತಿದಲ್ಲಿ ನಾನು ಹೇಳಿದೆ, ನಾನು ತಡವರಿಸಿದಲ್ಲಿ ಅವರು ಹೇಳಿದರು. ಅಪ್ಪನ ಕೈ ಒಂದು ಕಡೆಯೂ ತಪ್ಪಲಿಲ್ಲ.

ಮುಗಿದ ಮೇಲೆ ರಾಯರು ಅಳುತ್ತಿದ್ದರು. "ಅವ್ವನ್ನ ಕಾಶಿಗೆ ನಾನ ಮುಟ್ಟಿಸಿಧಂಗಾತ್ರೀ" ಎಂದರು. ಅನ್ವಿತಾ ಕೈಮುಗಿದಳು.

ನಡುವೆ ಎಲ್ಲೋ ತಂತಿ ಹೋಗಿತ್ತು. ಮಧ್ಯಾಹ್ನ ನೋಡಿದರೆ ರೂಟರು ಸಿಮ್ಮಿನ ಮೇಲೆ ನಡೆಯುತ್ತಿದೆ. ಯಾವಾಗ ಬದಲಾಯಿತೋ ನಮಗ್ಯಾರಿಗೂ ತಿಳಿಯಲಿಲ್ಲ. ಓಂಕಾರನಿಗೆ ಹೇಳಬೇಕು, ಖುಷಿಪಡುತ್ತಾನೆ.

ಊಟವಾದ ಮೇಲೆ ಅಪ್ಪ ಎಲೆಯಡಿಕೆ ಹಾಕಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಪೂರಾ ಬಂದಿದ್ದರು, ಕಣ್ಣು ತಿಳಿಯಾಗಿತ್ತು. ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಕರೆದರು.

"ಮಾಧು, ಇವತ್ತು ನಿಂತೆ ಅಲ್ವಾ ನಾನು?"

ನೆಟ್‌ವರ್ಕ್ ಎನ್ನಬಹುದಿತ್ತು. "ಹೌದಪ್ಪ, ನಿಂತ್ರಿ" ಎಂದೆ.

"ಮುಂಚೇನೂ?"

"ಮುಂಚೇನೂ."

ಅವರು ತಲೆಯಾಡಿಸಿದರು. "ಗೊತ್ತಿತ್ತು ಕಣೇ. ನೀನು ನೆಟ್‌ವರ್ಕ್ ಅಂತಿದ್ದೆ. ಇವಳು ಹಾಗಂತಾಳಲ್ಲ, ಹಾಗೇ ಇರಲಿ ಅಂತ ನಾನೂ ಲೈನ್ ಬಂತಾ ಅಂತ ಕೇಳ್ತಿದ್ದೆ." ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಹಾಕಿಕೊಂಡು ಅಂದರು, "ನೀನು ಹೆದರ್ಕೊಂಡಿದ್ದೀ ಅಂತ ನಾನು ಹೇಳ್ಲಿಲ್ಲ."

ನಾನೂ ಅದಕ್ಕೇ ಹೇಳಿರಲಿಲ್ಲ. ಅವರ ಕಾಲ ಹತ್ತಿರ ಕೂತು ಬಿಟ್ಟೆ. ಒದ್ದೆ ಕೈ ಹಾಗೇ ಇತ್ತು. ಇಬ್ಬರೂ ನಾಲ್ಕು ತಿಂಗಳಿನಿಂದ ಒಬ್ಬರಿಗೊಬ್ಬರು ಕಾವಲು ಕೂತಿದ್ದೆವು, ನಡುವೆ ಆ ಬಡಪಾಯಿ ಡಬ್ಬಗಳು ಬೈಸಿಕೊಂಡವು.

ನವೆಂಬರ್ 17, ಸೋಮವಾರ

ರಘುನಂದನ ಬಂದಿದ್ದ. ಗದಗಿನವರಿಂದಲೇ ಎಲ್ಲ ತಿಳಿಯಿತಂತೆ. ಹೆಂಗಸು ಪಕ್ಕ ಕೂತು ಮಂತ್ರ ಹೇಳಿಕೊಡುವುದುಂಟೇ, ನಾಳೆ ನಾಲ್ಕು ಜನ ಏನೆನ್ನುತ್ತಾರೆ ಎಂದ. ನಾನು ಉತ್ತರ ಹುಡುಕುತ್ತಿದ್ದೆ. ಅಪ್ಪ ಒಳಗಿನಿಂದಲೇ, "ನಿನಗೆ ಹೇಳಿಕೊಟ್ಟೋನು ನಾನು. ಅವಳಿಗೆ ಯಾರೂ ಹೇಳಿಕೊಡ್ಲಿಲ್ಲ, ಅವಳಿಗೆ ಬರತ್ತೆ. ಕಾಫಿ ಕುಡಿದು ಹೋಗು" ಎಂದರು. ಕುಡಿದು ಹೋದ.

ಮಧ್ಯಾಹ್ನ ಹೊಸಬರೊಬ್ಬರ ಕರೆ. ಹೊಸಪೇಟೆಯ ವಸುಮತಿ ಎನ್ನುವವರು, ಅಣ್ಣನಿಗಾಗಿ ವಿಚಾರಿಸುತ್ತಿದ್ದರು. ತಂದೆಯ ಶ್ರಾದ್ಧ, ಮಾರ್ಗಶಿರದಲ್ಲಿ. ವಿಡಿಯೋದಲ್ಲಿ ಸರಿಯಾಗಿ ಕಾಣುತ್ತದೆಯೇ, ಮಧ್ಯೆ ಕಡಿದು ಹೋಗುವುದಿಲ್ಲ ತಾನೆ ಎಂದು ಕೇಳಿದರು.

"ಲೈನು ಕಡಿಯೋದಿಲ್ಲ" ಎಂದೆ. "ಆದರೆ ನಮ್ಮ ತಂದೆಗೆ ವಯಸ್ಸಾಗಿದೆ, ನಡುವೆ ಮರೆತು ನಿಲ್ತಾರೆ. ಆಗ ನಾನು ಹೇಳ್ತೀನಿ. ನಿಮ್ಮಣ್ಣನೂ ಹೇಳಬೇಕಾಗತ್ತೆ, ಮೊದಲೇ ಕಲಿಸಿಕೊಡ್ತೀನಿ. ಕೈ ಮಾತ್ರ ನಮ್ಮ ತಂದೇದು. ಅದು ತಪ್ಪೋದಿಲ್ಲ. ಒಪ್ಪಿಗೆ ಇಲ್ಲಾಂದ್ರೆ ಬೇರೆ ಕಡೆ ಹೇಳ್ತೀನಿ, ಅಲ್ಲೂ ಚೆನ್ನಾಗಿ ಮಾಡಿಸ್ತಾರೆ."

ನಾನು ಕಾದೆ. ಅಪ್ಪ ಬಾಗಿಲ ಬಳಿ ಜನಿವಾರ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಹೆಸರು ಬರ್ಕೊಳ್ಳಿ" ಎಂದರು ಆಕೆ ಕೊನೆಗೆ. "ನಮ್ಮ ತಂದೆಗೂ ಕಡೆಕಡೆಗೆ ಮರೆವಿತ್ತು."

ಬರೆದುಕೊಂಡೆ. ಅಪ್ಪ ಒಳಗೆ ಹೋಗಿ ತಮ್ಮ ಮಣೆಯ ಪಕ್ಕದಲ್ಲಿ ಇನ್ನೊಂದನ್ನು ಹಾಕಿ, ಅದು ನೇರವಾಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು.